ಕಾರಿನ ಮಿದುಳಿಗೆ ಒಂದು ಉದ್ಧರಣೆ ತೀರ್ಥ

ಅಥವಾ ಕಾರು ಮೊದಲ ಸಲ ನಿಂತದ್ದು ಆಯುಧಪೂಜೆಗೆ ಮುಂಚೆಯೇ ಇರಬಹುದು. ನನಗೆ ಆಮೇಲೆ ಅಂತ ನೆನಪು. ಆದರೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಅದು ಎಲ್ಲವನ್ನೂ ಒಪ್ಪವಾಗಿ ಜೋಡಿಸಿಕೊಡುತ್ತದೆ. ಬದುಕಿನಲ್ಲಿ ಯಾವುದೂ ಅಷ್ಟು ಒಪ್ಪವಾಗಿ ನಡೆದದ್ದನ್ನು ನಾನು ಕಂಡಿಲ್ಲ. ನನ್ನ ಲೆಕ್ಕದಲ್ಲಿ ಮೊದಲು ಪೂಜೆ, ಆಮೇಲೆ ಕಾರು ನಿಂತದ್ದು, ಆಮೇಲೆ ಜಗಳ. ನನ್ನ ಹೆಂಡತಿ ಸುಧಾಳ ಪ್ರಕಾರ ಮೊದಲು ಕಾರು ನಿಂತದ್ದು, ಆಮೇಲೆ ಪೂಜೆ. ಜಗಳ ನಡೆದೇ ಇಲ್ಲ. ಈ ಹಿಂದುಮುಂದು ಸಣ್ಣ ವಿಷಯ ಅನ್ನಬೇಡಿ. ನನ್ನ ಸೋದರತ್ತೆಯ ಮಾನ ನಿಂತಿರುವುದು ಅದರ ಮೇಲೆಯೇ.

ಕಾರು ಸುಧಾಳದ್ದು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅವಳಿಗೆ ಹೊಳೆನರಸೀಪುರದಿಂದ ಅರಕಲಗೂಡಿನ ಹೈಸ್ಕೂಲಿಗೆ ವರ್ಗವಾಯಿತು. ರಾಮನಾಥಪುರದಲ್ಲಿ ತಂಬಾಕು ಹರಾಜಿರುವ ದಿನಗಳಲ್ಲಿ ಆ ಕಡೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಒಂದು ದಿನ ಯಾರದೋ ಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು ಶಾಲೆ ಮುಟ್ಟಿದವಳು, ಸಂಜೆ ಮನೆಗೆ ಬಂದು ಡ್ರೈವಿಂಗ್ ಕಲಿಯುತ್ತೇನೆ ಅಂದಳು. ಜೊತೆಗೆ ನಾನೂ ಸೇರಿದೆ. ಕ್ಲಚ್ಚು ಬಿಡುವ ಗಳಿಗೆಯಲ್ಲೇ ನನಗೆ ಏನೇನೋ ಯೋಚನೆ ಬರುತ್ತಿತ್ತು. ಕಲಿಸುವ ಮೇಷ್ಟ್ರು ಮರ್ಯಾದಸ್ಥರು. “ಸಾರ್, ನೀವು ಕತೆ ಬರ್ಕೊಂಡಿರಿ, ಮೇಡಂ ಓಡಿಸ್ಲಿ” ಅಂದರು. ನನ್ನ ಕತೆಗಳನ್ನು ಓದಿದ್ದ ಒಬ್ಬ ಸಂಪಾದಕರು ಅದಕ್ಕೆ ಮುಂಚೆ ಹೇಳಿದ್ದದ್ದು ಇದಕ್ಕೆ ಸರಿಯಾಗಿ ಉಲ್ಟಾ. ಅಂತೂ ಸುಧಾ ಪಾಸಾಗಿ ಒಂದು ಹಳೆಯ ಕಾರು ಕೊಂಡಳು.

ಹಳೆಯದಾದರೂ ಅದರಲ್ಲಿ ಆಗ ಹೊಸದಾಗಿ ಬಂದಿದ್ದ ಇಸಿಯು ಎಂಬ ಪೆಟ್ಟಿಗೆಯಿತ್ತು. ಎಂಜಿನ್ನಿಗೆ ಪೆಟ್ರೋಲು ಎಷ್ಟು, ಕಿಡಿ ಯಾವಾಗ ಎಂದು ಹೇಳುವುದೆಲ್ಲ ಅದೇ. ಎಡಗಡೆ ಸೀಟಿನ ಕಾಲ ಬಳಿ, ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಮುಚ್ಚಳದ ಹಿಂದೆ ಕೂತಿರುತ್ತದೆ. ಕಾರು ಓಡುತ್ತಾ ಓಡುತ್ತಾ ಸುಮ್ಮನೆ ಆರಿಹೋಗತೊಡಗಿತು. ಕ್ಷಣ ಬಿಟ್ಟು ಏನೂ ಆಗದವರಂತೆ ಹೊರಡುತ್ತಿತ್ತು. ಒಂದು ಬೆಳಿಗ್ಗೆ ಹೇಮಾವತಿ ಸೇತುವೆಯ ಮೇಲೆಯೇ ನಿಂತು, ಹಿಂದಿನ ಬಸ್ಸಿನವನ ಹಾರ್ನು ಊರಿಗೆಲ್ಲ ಕೇಳಿಸಿತು.

ಸುದ್ದಿ ಚನ್ನರಾಯಪಟ್ಟಣದಲ್ಲಿರುವ ಸುಧಾಳ ಅಣ್ಣನಿಗೆ ಮುಟ್ಟಿತು. ಅವರು ತಮ್ಮ ಊರಿನ ಗ್ಯಾರೇಜಿನವನನ್ನೇ ಕರೆತಂದು ತೋರಿಸಿದರು. ಅವನು ಬಾನೆಟ್ಟನ್ನೂ ಸರಿಯಾಗಿ ಎತ್ತದೆ “ಬಾಕ್ಸೇ ಸತ್ತೋಗದೆ” ಅಂದ. ಹೊಸ ಪೆಟ್ಟಿಗೆಯ ಬೆಲೆ ಕೇಳಿ ನಾವೂ ಕಾರಿನಂತೆಯೇ ಆರಿಹೋದೆವು.

“ಶನಿವಾರ ಗಿರಾಕಿ ಕರ್ಕೊಂಡು ಬರ್ತೀನಿ, ಕೊಟ್ಬಿಡು ಪುಟ್ಟಿ. ಹೆಣ್ಮಗು ನಡುದಾರೀಲಿ ನಿಂತ್ರೆ ಯಾರು ಜವಾಬ್ದಾರಿ?” ಅಂದರು ಅಣ್ಣ.

“ಬಸ್ಸೂ ನಡುದಾರೀಲಿ ನಿಲ್ಲತ್ತೆ ಅಣ್ಣಾ. ಅದನ್ನ ಯಾರೂ ಮಾರಿದ್ದು ನಾ ನೋಡಿಲ್ಲ” ಅಂದಳು ಸುಧಾ. ಮಾತು ಗಟ್ಟಿಯಾಗಿಯೇ ಇತ್ತು. ಆದರೆ ಒಳಗೆ ಹೋಗಿ ಬಸ್ಸಿನ ಪಾಸು ಎಲ್ಲಿದೆ ಎಂದು ಹುಡುಕುತ್ತಿದ್ದುದನ್ನು ನಾನು ನೋಡಿದೆ. ಅದು ಮಾತ್ರ ನನಗೆ ಖಂಡಿತ ನೆನಪಿದೆ.

ಶುಕ್ರವಾರ ಅವಳು ರಜೆ ಹಾಕಿ ಕಾರನ್ನು ಹಾಸನಕ್ಕೆ ಓಡಿಸಿದಳು. ದಾರಿಯಲ್ಲಿ ಅದು ಎಷ್ಟು ಸಲ ನಿಂತಿತೋ ಎಣಿಸಲಿಲ್ಲ. ನಮ್ಮ ಜೊತೆಗಿರುವ ಸೋದರತ್ತೆ ನಂಜತ್ತೆಯೂ ಹಿಂದಿನ ಸೀಟಿನಲ್ಲಿದ್ದರು. ಕಾರು ರಿಪೇರಿಗೇ ಹೋಗಲಿ, ಗುಜರಿಗೇ ಹೋಗಲಿ, ಸವಾರಿ ಸವಾರಿಯೇ ಎಂಬುದು ಅವರ ಸಿದ್ಧಾಂತ.

ಹಾಸನದ ಮೆಕ್ಯಾನಿಕ್ ಧರಣೇಂದ್ರಯ್ಯ ಶ್ರವಣಬೆಳಗೊಳದ ಕಡೆಯ ಜೈನರು. ಜಿಲ್ಲೆಗೇ ಮೊದಲು ಇಸಿಯು ಓದುವ ಸ್ಕ್ಯಾನರ್ ತಂದವರು ತಾವೇ ಎಂದು ಹೇಳಿಕೊಳ್ಳುತ್ತಿದ್ದರು. ಅಕ್ಕಪಕ್ಕದ ಗ್ಯಾರೇಜಿನವರೂ ತಂತಮ್ಮ ಬಗ್ಗೆ ಅದನ್ನೇ ಹೇಳುತ್ತಿದ್ದರು. ಆಯುಧಪೂಜೆಯ ಗಂಧ ಇನ್ನೂ ಅಳಿಯದ ಆ ಯಂತ್ರವನ್ನು ಅವರು ಕಾರಿಗೆ ಸಿಕ್ಕಿಸಿದರು. ಪರದೆಯಲ್ಲಿ ಅಂಕಿಗಳು ಓಡಿದವು. ಆಮೇಲೆ ಖಾಲಿ.

“ನೋಡಿ ಸಾ, ಈಗ ಮಾತಾಡ್ತು. ಈಗ ಇಲ್ಲ. ಲಿಂಕ್ ಕಟ್ಟಾಗ್ತದೆ.”

“ಬಾಕ್ಸ್ ಸತ್ತಿದೆ ಅಂದ್ರು…” ಅಂದೆ ನಾನು.

“ಸತ್ತಿದ್ರೆ ಒಂದೇ ಸಲ ಸಾಯ್ತಿತ್ತು ಸಾ. ಇದು ಬಂದ್ ಬಂದ್ ಓಯ್ತದೆ. ಅಂಗಾದ್ರೆ ಬಾಕ್ಸ್‌ನಾಗಲ್ಲ, ಅದುಕ್ಕೆ ಓಗೋ ದಾರೀಲಿ ಎಲ್ಲೋ ತೊಂದ್ರೆ. ಬಂದೋಗೋದ್ರ ಮ್ಯಾಲೆ ಯಾವತ್ತೂ ಆಸೆ ಇಟ್ಕಬೇಕು ಮೇಡಮ್ಮೋರೆ.”

ಮೀಟರು ಹಿಡಿದು ಬ್ಯಾಟರಿ ನೋಡಿದರು, ಚೆನ್ನಾಗಿತ್ತು. ಫ್ಯೂಸುಗಳನ್ನು ನೋಡಿದರು, ಅವೂ ಚೆನ್ನಾಗಿದ್ದವು. ಎಲ್ಲವೂ ಚೆನ್ನಾಗಿದ್ದು ಕಾರು ಮಾತ್ರ ಕೆಟ್ಟಿತ್ತು. “ಕುಲುಕಿ ನೋಡ್ಬೇಕು. ಉಬ್ಬು ಎಲ್ಲದೆ?” ಅಂದರು.

ಹೊಳೆನರಸೀಪುರದ ದಾರಿಯಲ್ಲಿ, ಒಂದು ಹಳ್ಳಿಯ ಟೀ ಅಂಗಡಿಯೆದುರು ಎಮ್ಮೆ ಮಲಗಿದಂಥ ಒಂದು ರಸ್ತೆಯುಬ್ಬು ಇತ್ತು. ಸುಧಾ ಓಡಿಸಿದಳು, ಧರಣೇಂದ್ರಯ್ಯ ಸ್ಕ್ಯಾನರನ್ನು ಮಗುವಿನಂತೆ ಮಡಿಲಲ್ಲಿಟ್ಟು ಮುಂದೆ ಕೂತರು, ನಾನೂ ಅತ್ತೆಯೂ ಹಿಂದೆ. ಉಬ್ಬು ಹತ್ತಿದರೆ ಪರದೆ ಖಾಲಿ, ಇಳಿದರೆ ಅಂಕಿ. ತಿರುಗಿಸಿ ಮತ್ತೆ ಹತ್ತಿಸಿದಳು. ಮತ್ತೆ ಖಾಲಿ. ಟೀ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು.

“ಏನ್ಲಾ ಅದು, ಓಯ್ತದೆ, ಬತ್ತದೆ, ಓಯ್ತದೆ?”

“ಡ್ರೈವಿಂಗ್ ಕಲೀತಾವ್ರೆ ಕಣ್ಲಾ.”

“ನಾಕ್ ಜನಾನೂವಾ?”

ಧರಣೇಂದ್ರಯ್ಯ ಕಾರನ್ನು ಮರದ ಕೆಳಗೆ ನಿಲ್ಲಿಸಲು ಹೇಳಿ, ಎಡಗಡೆ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದರು. ಮುಚ್ಚಳ ಒಂದೇ ಒಂದು ಸ್ಕ್ರೂನಲ್ಲಿ ಜೋತಾಡುತ್ತಿತ್ತು. “ಇದ ಯಾರ್ ಸಾ ಬಿಚ್ಚಿದ್ದು?” ಎಂದು ಒಳಗಿನಿಂದ ಕೇಳಿದರು. ನಾನು ಮರ ನೋಡಿದೆ. ಆಮೇಲೆ ಅವರು ಹೊರಗೆ ಬಂದು ಅಂಗೈ ಚಾಚಿದರು. ಅಂಗೈಯಲ್ಲಿ ಎರಡು ಅಕ್ಷತೆ ಕಾಳು, ಒಂದು ಒಣಗಿದ ಸೇವಂತಿಗೆ ಎಸಳು.

“ಬಾಕ್ಸಿನ ಮ್ಯಾಲೆ ಕುಂಕುಮ ಅದೆ ಸಾ! ತೀರ್ಥನೂ ಆಗದೆ. ಕನೆಕ್ಟರ್ ಪಿನ್ನೆಲ್ಲ ಅಸ್ರಾಗಿ ಕಿಲುಬು ಇಡ್ದವೆ.”

ಎಲ್ಲರೂ ಅತ್ತೆಯ ಕಡೆ ತಿರುಗಿದೆವು. ಅತ್ತೆ ಸೆರಗು ಸರಿಮಾಡಿಕೊಂಡು ನನ್ನ ಕಡೆ ಬೆರಳು ತೋರಿಸಿದರು. “ಮತ್ತೆ? ಅದೇ ಇದರ ಮಿದುಳು ಅಂತ ಇವನೇ ಅಲ್ವೇ ಹೇಳಿದ್ದು! ಮಿದುಳಿಗೆ ಬಿಟ್ಟು ಬಂಪರಿಗೆ ಪೂಜೆ ಮಾಡ್ತಾರೇನೋ? ಒಂದೇ ಒಂದು ಉದ್ಧರಣೆ ಬಿಟ್ಟೆನಪ್ಪ. ಮುಚ್ಚಳ ನಾ ನೋಡೋ ಹೊತ್ತಿಗೆ ಬಿಚ್ಚೇ ಇತ್ತು.”

ನಾನು ಏನೋ ಒರಟಾಗಿ ಅಂದೆ. ಸುಧಾ ನಡೆದೇ ಇಲ್ಲ ಅನ್ನುವ ಜಗಳ ಅದೇ. ಅತ್ತೆಯ ಕಣ್ಣು ತುಂಬಿತು. ಸುಧಾ ಥಟ್ಟನೆ, “ಕಾರು ಪೂಜೆಗೆ ಮುಂಚೆಯೇ ನಿಲ್ತಿತ್ತು ರೀ. ಅತ್ತೆ ಏನ್ಮಾಡ್ತಾರೆ?” ಅಂದಳು. ಅದು ನಿಜವೋ, ಹಿರಿಯರ ಕಣ್ಣೀರು ಒರೆಸಲು ಹೇಳಿದ ಮಾತೋ, ಅವತ್ತು ನಾನು ಕೇಳಲಿಲ್ಲ. ಇವತ್ತು ಕೇಳಿದರೆ ಅವಳು ನಗುತ್ತಾಳೆ.

ಅಷ್ಟರಲ್ಲಿ ಧರಣೇಂದ್ರಯ್ಯನವರಿಗೆ ಇನ್ನೊಂದು ಸಿಕ್ಕಿತ್ತು. ಪೆಟ್ಟಿಗೆಯ ಅರ್ತ್ ವೈರು ಕಾರಿನ ಮೈಗೆ ಸೇರುವ ಬೋಲ್ಟು ಸಡಿಲವಾಗಿ ತುಕ್ಕು ಹಿಡಿದಿತ್ತು. ವೈರನ್ನು ಅಲ್ಲಾಡಿಸಿದರೆ ಮೀಟರಿನ ಅಂಕಿ ಕುಣಿಯುತ್ತಿತ್ತು. ಅವರು ಬ್ರಷ್ ಹಿಡಿದು ಪಿನ್ನುಗಳನ್ನು ಉಜ್ಜಿದರು, ಬೋಲ್ಟು ಕೆರೆದು ಬಿಗಿದರು. ಉಬ್ಬಿನ ಮೇಲೆ ಹೋದೆವು. ಅಂಕಿಗಳು ಕದಲಲಿಲ್ಲ. ಟೀ ಅಂಗಡಿಯವರು, “ಪಾಸಾದ್ರು ಕಣ್ಲಾ!” ಎಂದು ಕೂಗಿದರು.

“ಹಾಗಾದ್ರೆ ತಪ್ಪು ತೀರ್ಥದ್ದೋ, ಬೋಲ್ಟಿದ್ದೋ?” ಎಂದು ನಾನು ಕೇಳಿದೆ.

ಧರಣೇಂದ್ರಯ್ಯ ತಲೆ ಕೆರೆದುಕೊಂಡರು. “ಎರಡೂ ಒಟ್ಗೇ ಮಾಡ್ಬುಟ್ನಲ್ಲ ಸಾ. ಒಂದೊಂದೇ ಮಾಡಿದ್ರೆ ಗೊತ್ತಾಗೋದು.”

“ಒಂದೊಂದೇ ಮಾಡಬೇಕಿತ್ತು!”

“ಈಗ ಪುನಃ ಕೆಡಿಸಿ ನೋಡ್ತೀರಾ?” ಅಂದಳು ಸುಧಾ. “ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ರೀ, ಮನೆಗೆ ಹೋಗೋಣ.”

ಶನಿವಾರ ಅಣ್ಣ ಗಿರಾಕಿಯೊಂದಿಗೆ ಬಂದರು. ಸುಧಾ ಇಬ್ಬರನ್ನೂ ಕೂರಿಸಿಕೊಂಡು ಅರಕಲಗೂಡಿಗೆ ಹೋಗಿ, ದಾರಿಯ ಒಂದು ಉಬ್ಬನ್ನೂ ಬಿಡದೆ ಹತ್ತಿಸಿ ವಾಪಸು ತಂದಳು. ಗಿರಾಕಿಗೆ ಕಾರು ಎಷ್ಟು ಹಿಡಿಸಿತೆಂದರೆ ಅಲ್ಲೇ ಬೆಲೆ ಏರಿಸಿದ. ಅಣ್ಣ ಹಣೆ ಒರೆಸಿಕೊಳ್ಳುತ್ತಾ, “ಮಾರಬೇಡ ಪುಟ್ಟಿ. ಸ್ವಲ್ಪ ನಿಧಾನ ಓಡಿಸು, ಅಷ್ಟೇ” ಅಂದರು. ತಮ್ಮ ಪೂಜೆಯ ಫಲದಿಂದಲೇ ದೋಷ ಇಷ್ಟು ಬೇಗ ಸಿಕ್ಕಿದ್ದು ಎಂದು ನಂಜತ್ತೆ ಕೇರಿಗೆಲ್ಲ ಹೇಳಿದರು. ಮುಂದಿನ ಆಯುಧಪೂಜೆಗೆ ಅವರು ಉದ್ಧರಣೆ ಹಿಡಿದು ಬಂದಾಗ ಸುಧಾ ಕಾರಿನ ಕೀಲಿಯನ್ನು ತಟ್ಟೆಯಲ್ಲಿಟ್ಟು ಕೊಟ್ಟಳು. ಅತ್ತೆಗೂ ಅದು ಒಪ್ಪಿಗೆಯಾಯಿತು.

ಆ ಪೂಜೆಯ ಹೊತ್ತಿಗೇ ನನಗೆ ಹೊಳೆದದ್ದು. ನಮ್ಮ ಮನೆಯಲ್ಲಿ ಅವತ್ತು ಯಾವ ಹತಾರವನ್ನೂ ಮುಟ್ಟುವಂತಿಲ್ಲ. ಸ್ಕ್ರೂಡ್ರೈವರು ಹಿಂದಿನ ಸಂಜೆಯೇ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಮಲಗಿರುತ್ತದೆ. ಅಂದರೆ ಮುಚ್ಚಳವನ್ನು ಯಾರೋ ಪೂಜೆಗೆ ಮುಂಚೆಯೇ ಬಿಚ್ಚಿದ್ದರು. ಚೆನ್ನಾಗಿ ಓಡುವ ಕಾರಿನ ಮುಚ್ಚಳವನ್ನು ಯಾರಾದರೂ ಯಾಕೆ ಬಿಚ್ಚುತ್ತಾರೆ? ಹಾಗಾದರೆ ಸುಧಾ ಹೇಳಿದ್ದೇ ಸರಿಯಿರಬೇಕು. ಬಿಚ್ಚಿ, ಅರ್ತ್ ವೈರಿನ ಬೋಲ್ಟಿಗೂ ಕೈ ಹಾಕಿದ್ದರೆ? ತನಗೆ ತಿಳಿಯದ ವಸ್ತುವನ್ನು ಬಿಚ್ಚಿ ನೋಡುವ ಚಾಳಿ ನಮ್ಮ ಮನೆಯಲ್ಲಿ ಇರುವುದು ಒಬ್ಬನಿಗೆ ಮಾತ್ರ.

ನಾನು ಬಿಚ್ಚಿದ ನೆನಪು ನನಗಿಲ್ಲ. ಬಿಚ್ಚಲಿಲ್ಲ ಎಂಬ ನೆನಪೂ ಇಲ್ಲ. ಗೊತ್ತಿಲ್ಲ.