ಗೋಪಮ್ಮ ಕಳಿಸಿದ ಮಾತು

ಉರುಕುಂದಪ್ಪನ ಫೋನು ನೀರಿನ ಕೊಡಕ್ಕೆ ಬಿದ್ದು ಮೂಕವಾದದ್ದು, ಹೆಂಡತಿ ಗೋಪಮ್ಮ ರಾಯಚೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ ದಿನವೇ. ಅಂದು ಬೆಳಿಗ್ಗೆ ಆಕೆ ಮನೆಯಿಂದ ಹಸಿರು ಸೀರೆ ತರಲು ಹೇಳಿದ್ದಳು. "ಇಂಥಾ ಹೊತ್ತಿನ್ಯಾಗೂ ನಿನಗ ಸೀರಿ ಚಿಂತಿ" ಎಂದು ಬೈದೇ ಆತ ಮಾನ್ವಿಯ ಬಸ್ಸು ಹತ್ತಿದ್ದ. ಮನೆ ಮುಟ್ಟುವಷ್ಟರಲ್ಲಿ ಅವಳಿಂದ ವಾಟ್ಸಪ್ಪಿಗೆ ನಲವತ್ತೆಂಟು ಸೆಕೆಂಡಿನ ಮಾತೊಂದು ಬಂದಿತ್ತು. ಕೇಳುವ ಆತುರದಲ್ಲಿ ಫೋನು ಕೈಜಾರಿತು.

ಹನ್ನೊಂದು ದಿನ ಕಳೆದವು. ಪರದೆ ಬೆಳಗುತ್ತಿತ್ತು, ದನಿ ಮಾತ್ರ ಇಲ್ಲ. ಬಿಚ್ಚಿದರೆ ಆ ಮಾತು ಎಲ್ಲಿ ಸೋರಿಹೋದೀತೋ ಎಂದು ರಿಪೇರಿಗೂ ಕೊಡಲಿಲ್ಲ. ತಾಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಜವಾನನಾಗಿದ್ದವನು, ಸಾಹೇಬರ ಫೈಲಿನಂತೆ ಫೋನನ್ನು ಎದೆಗೊತ್ತಿಕೊಂಡು ತಿರುಗಿದ. ಕೊನೆಗೆ ಯಾರೋ ಬ್ಲೂಟೂತ್ ಅಂದರು. ಇವತ್ತು ರಾಯಚೂರಿಗೆ ಹೋಗಿ, ಕೊರಳಿಗೆ ಹಾಕಿಕೊಳ್ಳುವ ಇಯರ್‌ಫೋನು ತಂದ.

"ಕೊಡ್ರಿ ಕಾಕಾ, ನಾ ಜೋಡಸ್ತೀನಿ" ಎಂದು ಪಕ್ಕದ ಮನೆಯ ಅನ್ನಪೂರ್ಣ ಕಸಿದುಕೊಂಡಳು.

ಪರದೆಯ ಮೇಲೆ ಓಣಿಯ ಟಿವಿ, ಫೋನುಗಳ ಹೆಸರುಗಳೆಲ್ಲ ಮತದಾರರ ಪಟ್ಟಿಯ ಹಾಗೆ ಇಳಿದುಬಂದವು. ಒಂದನ್ನು ಒತ್ತಿದಳು. ಪರೀಕ್ಷೆಗೆ ಹಾಕಿದ ತತ್ವಪದ ಅವಳದೇ ಮನೆಯ ಟಿವಿಯಲ್ಲಿ ಮೊಳಗಿತು. ಧಾರಾವಾಹಿ ನೋಡುತ್ತಿದ್ದ ಅತ್ತೆ ಕೈಮುಗಿದು ಕೂತಳು. ಇನ್ನೊಂದು ಒತ್ತಿದರೆ ಅದು ನಂಬರು ಕೇಳಿತು. ಎದುರುಮನೆಯಲ್ಲಿ ಬಟ್ಟೆ ಹೊಲಿಯುವ ಖತೀಜಾ ಬೀ ಮಷೀನು ಬಿಟ್ಟು ಬಂದು, "ನಾಕು ಸೊನ್ನಿ ಒತ್ರಿ, ಎಲ್ಲಾದಕ್ಕೂ ಅದಽ ಇರ್ತದ" ಎಂದು ಹೇಳಿಹೋದಳು. ಮೂರನೆಯ ಸಲಕ್ಕೆ ಹಾಡು ಉರುಕುಂದಪ್ಪನ ಕಿವಿಯೊಳಗೇ ಕೇಳಿತು.

"ಕಾಕಾ, ಕಾಕಿ ಕಳಿಸಿದ ಮಾತಿನ ಮ್ಯಾಲ ಒಂದರ ಅಂಕಿ ಬಂದದ ನೋಡ್ರಿ. ಕಾಕಿ ಬಟ್ಟು ತಪ್ಪಿ ಏನೋ ಒತ್ಯಾಳ. ಇದು ಒಮ್ಮಿ ಅಷ್ಟ ಕೇಳ್ತದ, ಆಮ್ಯಾಲ ಹೋಗಿಬಿಡ್ತದ."

"ಒಮ್ಮಿ ಸಾಕವ್ವಾ" ಎಂದ ಉರುಕುಂದಪ್ಪ. "ಆದ್ರ ನಾ ಒಬ್ಬನಽ ಕೇಳಬೇಕು."

ಒಳಕೋಣೆಗೆ ಹೋಗಿ ಚಿಲಕ ಹಾಕಿದ. ಅವಳ ಟ್ರಂಕಿನ ಮೇಲೆ ಕೂತು, ಎರಡೂ ಕಿವಿಗೆ ಗಟ್ಟಿಯಾಗಿ ತುರುಕಿಕೊಂಡು ಒತ್ತಿದ. ಪರದೆಯ ಗೆರೆ ಓಡಿತು. ಸದ್ದಿಲ್ಲ. ಪಾಪ, ಉಸಿರು ತಗೊಳ್ಳುತ್ತಿರಬೇಕು ಅಂದುಕೊಂಡ. ಗೆರೆ ತುದಿ ಮುಟ್ಟಿತು, ಮಾತು ಅಳಿಸಿಹೋಯಿತು. ಅಷ್ಟು ಸಿಟ್ಟಿತ್ತೇ ಅವಳಿಗೆ? ಒಂದು ಮಾತೂ ಆಡದೆ ಬರೀ ಮೌನ ಕಳಿಸಿದಳೇ?

ಕಣ್ಣೊರೆಸಿಕೊಂಡು ಹೊರಗೆ ಬಂದರೆ, ಚನ್ನವೀರನ ಚಹದಂಗಡಿ ಮುಂದೆ ಓಣಿಗೆ ಓಣಿಯೇ ನಿಂತು ಅಳುತ್ತಿತ್ತು.

"ತಪ್ಪಾತು ಕಾಕಾ" ಎಂದ ಚನ್ನವೀರ, ಸೋಸುವ ಬಟ್ಟೆಯಿಂದಲೇ ಮೂಗು ಒರೆಸಿಕೊಳ್ಳುತ್ತ. "ಈಗಽ ಅಂಗಡಿ ತೆಗದು ಹಾಡಿನ ಬಾಕ್ಸ್ ಹಚ್ಚಿದೆ. ಮೂರನೇ ದಿನ ಭಜನಿಗೆ, ನಿಮಗ ನಿದ್ದಿ ಹತ್ತಿದಾಗ, ನಿಮ್ಮ ಫೋನ್ ಇದಕ್ಕ ಜೋಡಿಸಿದ್ವಿ, ಅದು ತಾನಽ ಎಳಕೊಂಡದ. ಕಾಕಿ ಮಾತು ಎಲ್ಲಾರೂ ಕೇಳಿದ್ವಿ."

ಉರುಕುಂದಪ್ಪ ಇಯರ್‌ಫೋನು ಕಿತ್ತುಕೊಂಡು ಮುಂದೆ ಬಂದ. "ಏನಂದ್ಳು?"

"ಹೊತ್ತಿಗೆ ಸರಿಯಾಗಿ ಉಣ್ರಿ, ಅನ್ನಪೂರ್ಣಾಗ ಹೇಳಿದ್ರ ರೊಟ್ಟಿ ಕೊಡ್ತಾಳ ಅಂದ್ಳು" ಎಂದಳು ಅನ್ನಪೂರ್ಣ.

"ಎಲ್ಲಿ ಅಂದ್ಳು? ಹೊತ್ತು ಹೋಗಲಿಲ್ಲಂದ್ರ ಚನ್ನವೀರನ ಅಂಗಡಿಗೆ ಹೋಗಿ ಕೂಡ್ರಿ ಅಂದ್ಳು" ಎಂದ ಚನ್ನವೀರ.

ಇಬ್ಬರಿಗೂ ಹತ್ತಿಕೊಂಡಿತು. ಖತೀಜಾ ಬೀ ಮೆಲ್ಲಗೆ ಬಂದು, "ಅಣ್ಣಾ, ಸೀರಿ ಅನ್ನೋ ಮಾತೊಂದು ನನ್ನ ಕಿವಿಗೆ ಬಿತ್ತು. ಮಷೀನಿನ ಸಪ್ಪಳದಾಗ ಮುಂದಿಂದು ತಿಳೀಲಿಲ್ಲ" ಅಂದಳು.

"ಸೀರಿ ಮಾತು ಹೆಂಗ ಅಂದ್ಳು? ನಕ್ಕೋತೋ, ಅಳಕೋತೋ?" ಎಂದು ಕೇಳಿದ ಉರುಕುಂದಪ್ಪ.

ಖತೀಜಾ ಬೀ ಅನ್ನಪೂರ್ಣಳ ಕಡೆ ನೋಡಿದಳು.

"ನಕ್ಕೋತ" ಎಂದಳು ಅನ್ನಪೂರ್ಣ.

"ಅಳಕೋತ" ಎಂದ ಚನ್ನವೀರ.

ಅದಕ್ಕೂ ಜಗಳ ಸುರುವಾಯಿತು. ಉರುಕುಂದಪ್ಪ ಇಬ್ಬರ ಬಾಯನ್ನೂ ಒಂದಾದ ಮೇಲೊಂದರಂತೆ ನೋಡುತ್ತ ನಿಂತ.