ಮೂಗಿಗೆ ಹಚ್ಚಿದ ಜೆಲ್ಲಿ ಶ್ವಾಸಕೋಶ ತಲುಪಿದ ಬಗ್ಗೆ

ಪೆಟ್ರೋಲಿಯಂ ಜೆಲ್ಲಿ ತಯಾರಿಸುವ ಸಂಸ್ಥೆಯ ವ್ಯವಸ್ಥಾಪಕರ ಘನ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ಯಂತ್ರಗಳಿಗೂ, ಎರಡು ವರ್ಷ ನನ್ನ ಮೂಗಿನ ಹೊಳ್ಳೆಗಳಲ್ಲಿ ಬಿಡಾರ ಹೂಡಿದ್ದ ತಮ್ಮ ಜೆಲ್ಲಿಗೂ ಈ ಬಳಕೆದಾರನ ಅನಂತ ನಮಸ್ಕಾರಗಳು. ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ನನ್ನ ಕುರ್ಚಿಯ ನೇರ ಮೇಲೆ ಏಸಿ ಇರುವುದರಿಂದ ಮೂಗು ಒಣಗಿ, ಹಕ್ಕಳೆ ಕಟ್ಟಿ, ಒಮ್ಮೊಮ್ಮೆ ರಕ್ತ ಒಸರಿ, ನಾನು ಪೆನ್ನು ಹಿಡಿಯುವ ಮೊದಲೇ ಕರಡಿನ ಮೇಲೆ ಕೆಂಪು ಗುರುತು ಬೀಳುತ್ತಿತ್ತು. ಕುರ್ಚಿಯನ್ನು ಎರಡು ಅಡಿ ಸರಿಸಬಹುದಿತ್ತು. ಅದು ತೀರಾ ಸುಲಭದ ಉಪಾಯವೆಂದು ಕೈಬಿಟ್ಟು ತಮ್ಮ ಡಬ್ಬಿಗೆ ಬೆರಳು ಹಾಕಿದೆ.

ಬೆಳಿಗ್ಗೆ ಒಂದು ಬೆರಳು, ಮಧ್ಯಾಹ್ನ ಒಂದು, ಮಲಗುವಾಗ ಎರಡು. "ಇಷ್ಟೊಂದು ಮೆತ್ಕೋತೀರಲ್ಲ, ಅದೆಲ್ಲಾ ಎಲ್ಲಿಗೆ ಹೋಗುತ್ತೆ?" ಎಂದು ಹೆಂಡತಿ ಕೇಳಿದಾಗ, "ಮೂಗಿಗೆ ಹಚ್ಚಿದ್ದು ಮೂಗಲ್ಲೇ ಇರುತ್ತೆ" ಎಂದು ಮಹಾಪಂಡಿತನಂತೆ ಉತ್ತರಿಸಿದ್ದೆ.

ಅದು ನಾನು ಮಲಗಿದಾಗ ಸದ್ದಿಲ್ಲದೆ ಗಂಟಲಿಗಿಳಿದು, ಉಸಿರಿನ ಜೊತೆ ಶ್ವಾಸಕೋಶ ಸೇರುತ್ತಿತ್ತಂತೆ. ಮೊದಲು ಒಣಕೆಮ್ಮು, ಆಮೇಲೆ ಎರಡನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು, ಕೊನೆಗೆ ಎಕ್ಸ್-ರೇಯಲ್ಲಿ ಒಂದು ನೆರಳು. ಅದೇನೆಂದು ತಿಳಿಯಲು ಎರಡು ವಾರ ಹಿಡಿಯಿತು. ಮನೆಯಲ್ಲಿ ಯಾರೂ ಆ ಕೆಟ್ಟ ಕಾಯಿಲೆಯ ಹೆಸರೆತ್ತಲಿಲ್ಲ. ಟಿವಿ ರಿಮೋಟಿಗಾಗಿ ದಿನಾ ಕಾದಾಡುವ ಮಗಳು ಅದನ್ನು ತಾನಾಗಿ ತಂದು ನನ್ನ ತೊಡೆಯ ಮೇಲಿಟ್ಟು ಒಳಗೆ ಹೋದಳು. ನನ್ನ ಕಥೆ ಮುಗಿಯಿತೆಂದು ಖಾತ್ರಿಯಾದದ್ದು ಆಗಲೇ. ಆರು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣನಿಗೆ ಫೋನ್ ಮಾಡಿ, ತಪ್ಪೆಲ್ಲ ನನ್ನದೇ ಎಂದು ಅತ್ತುಬಿಟ್ಟೆ.

ಕೊನೆಗೆ ಡಾಕ್ಟರಮ್ಮ ವರದಿಯಿಂದ ತಲೆಯೆತ್ತಿ, "ಮೂಗಿಗೆ ಜಿಡ್ಡಿನದ್ದೇನಾದ್ರೂ ಹಚ್ಕೋತೀರಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಕೈಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಅದನ್ನು ತಿರುಗಿಸಿ, "ಹೊರಮೈಗೆ ಮಾತ್ರ" ಎಂದು ಓದಿ, "ನೀವೇನ್ ಕೆಲಸ ಮಾಡೋದು?" ಎಂದರು.

"ಅಕ್ಷರ ತಪ್ಪಿದ್ಯಾ ಅಂತ ಓದೋ ಕೆಲಸ" ಎಂದೆ.

"ಹೀಗಾಗೋದು ಅಪರೂಪ. ಮೊದಲು ಇದನ್ನ ಬಿಡಿ. ಮೂಗು ಒಣಗಿದ್ರೆ ಉಪ್ಪುನೀರಿನ ಸ್ಪ್ರೇ ಸಾಕು" ಎಂದರು. ಬಿಟ್ಟು ನಾಲ್ಕು ತಿಂಗಳಾಯಿತು. ಕೆಮ್ಮು ಇಳಿದಿದೆ, ನೆರಳು ಕರಗುತ್ತಿದೆ, ರಿಮೋಟು ಮಗಳ ಕೈಗೆ ಮರಳಿದೆ.

ಆದ್ದರಿಂದ ತಮ್ಮಲ್ಲಿ ಸವಿನಯ ಕೋರಿಕೆಗಳು: ಮೂಗಿನ ಗಡಿ ದಾಟದಂತೆ ತಮ್ಮ ಜೆಲ್ಲಿಗೆ ಒಂದಿಷ್ಟು ಬುದ್ಧಿ ಹೇಳಬೇಕು, ನನ್ನ ಎದೆಯಲ್ಲಿ ಇನ್ನೂ ಉಳಿದಿರುವ ತಮ್ಮ ಸರಕನ್ನು ಪ್ರತಿನಿಧಿಯನ್ನು ಕಳಿಸಿ ವಾಪಸು ತರಿಸಿಕೊಳ್ಳಬೇಕು. ಇನ್ನು ಅಣ್ಣ ಪ್ರತಿ ಭಾನುವಾರ ಬಂದು, ನಾನು ಒಪ್ಪಿಕೊಂಡ ತಪ್ಪುಗಳನ್ನು ನನ್ನ ಹೆಂಡತಿಗೂ ಮಗಳಿಗೂ ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದಾನೆ. ಆ ಒಪ್ಪಿಗೆಯನ್ನು ಹಿಂಪಡೆಯಲು ತಮ್ಮ ಕಾನೂನು ವಿಭಾಗ ನೆರವಾಗಬೇಕು.

ಇಂತು, ಸದ್ಯಕ್ಕೆ ಉಸಿರಾಡುತ್ತಿರುವ ತಮ್ಮ ವಿಶ್ವಾಸಿ,
ಕರಡು ತಿದ್ದುವವ

ತಾ.ಕ.: ಉಳಿದ ಜೆಲ್ಲಿಯನ್ನು, ಕಿರುಗುಟ್ಟುತ್ತಿದ್ದ ಬಚ್ಚಲಿನ ಬಾಗಿಲಿನ ಕೀಲುಗಳಿಗೆ ಹೆಂಡತಿ ಬಳಿದಿದ್ದಾಳೆ. ಬಾಗಿಲಿಗೆ ಶ್ವಾಸಕೋಶವೂ ಇಲ್ಲ, ಹಟವೂ ಇಲ್ಲ, ಹಾಗಾಗಿ ಅದು ಕ್ಷೇಮವಾಗಿದೆ ಎಂಬ ವಾಕ್ಯವನ್ನು ಆಕೆಯೇ ಪಕ್ಕದಲ್ಲಿ ನಿಂತು ಬರೆಸಿದ್ದಾಳೆ.