ತೆರೆದಿಟ್ಟ ಸೋಡಾದ ತೂಕ ಇಳಿದ ಬಗ್ಗೆ

ಪ್ರಯೋಗಶಾಲಾ ಸಾಮಗ್ರಿ ಸರಬರಾಜು ಇಲಾಖೆ
ಕೇಂದ್ರ ಉಗ್ರಾಣ ಶಾಖೆ

ಸುತ್ತೋಲೆ ಸಂಖ್ಯೆ: ಪ್ರಸಾಸ/ಉಗ್ರಾಣ/ಸೋಡಾ (ಇಳಿಕೆ) ಮತ್ತು ಸುಣ್ಣ (ಏರಿಕೆ)/ಸಂಯುಕ್ತ ಕಡತ
ದಿನಾಂಕ: ಸಹಿ ಬಿದ್ದ ದಿನ

ವಿಷಯ: ಧಾತುಗಳು, ಸಂಯುಕ್ತಗಳು ಮುಂತಾದವು ಇಲಾಖೆಯ ಪೂರ್ವಾನುಮತಿ ಪಡೆಯದೆ ತಮ್ಮ ತೂಕ, ಬಣ್ಣ ಮತ್ತು ಸ್ವಭಾವ ಬದಲಿಸಿಕೊಳ್ಳುತ್ತಿರುವ ಬಗ್ಗೆ.

ಉಲ್ಲೇಖ:
(ಅ) ಲೆಕ್ಕಪರಿಶೋಧಕರ ಆಕ್ಷೇಪಣೆ.
(ಆ) ಉಗ್ರಾಣಪಾಲಕಿಯವರ ಅಮಾನತು ಆದೇಶ.
(ಇ) ಸದರಿ ಆದೇಶಕ್ಕೆ ಸಹಿ ಹಾಕಿದ್ದು ಯಾರು ಎಂಬ ಬಗ್ಗೆ ನಡೆದ, ಇನ್ನೂ ನಡೆಯುತ್ತಿರುವ ಪತ್ರವ್ಯವಹಾರ.
(ಈ) ಪ್ರೌಢಶಾಲಾ ರಸಾಯನಶಾಸ್ತ್ರ ಪಠ್ಯಪುಸ್ತಕದ ಮೊದಲ ಮೂರು ಅಧ್ಯಾಯಗಳು. (ನಾಲ್ಕನೆಯದನ್ನು ಓದಲು ಮೇಲಿನಿಂದ ಅನುಮತಿ ಬಂದಿಲ್ಲ.)

ಪೀಠಿಕೆ:

ಶಾಲೆಗಳ ಪ್ರಯೋಗಶಾಲೆಗಳಿಗೆ ಆಮ್ಲ, ಲವಣ, ಗಾಜಿನ ಸಾಮಾನು ಒದಗಿಸುವ ಈ ಇಲಾಖೆಯ ಕೇಂದ್ರ ಉಗ್ರಾಣಕ್ಕೆ ಹಾಲಿ ಉಗ್ರಾಣಪಾಲಕಿಯವರು ಮುದ್ರಣ ಶಾಖೆಯಿಂದ ವರ್ಗವಾಗಿ ಬಂದವರು. ಅಲ್ಲಿ ಕಾಗದದ ರೀಮು ಎಣಿಸಿಕೊಂಡಿದ್ದರು. ಕಾಗದ ಇಟ್ಟಲ್ಲಿ ಇಟ್ಟ ಹಾಗೇ ಬಿದ್ದಿರುವ ಸಾಧುಪ್ರಾಣಿ. ರಾಸಾಯನಿಕಗಳೂ ಹಾಗೆಯೇ ಇರುತ್ತವೆಂದು ಅವರು ನಂಬಿದ್ದರು, ಇಲಾಖೆಯೂ ನಂಬಿತ್ತು. ನಂಬಿಕೆ ಇಬ್ಬರದೂ ಒಂದೇ ಆಗಿದ್ದರೂ ಅಮಾನತಾದದ್ದು ಅವರೊಬ್ಬರೇ. ಅದು ಹೇಗಾಯಿತು, ಮುಂದೇನಾಯಿತು, ಇನ್ನು ಮೇಲೆ ಏನೇನು ಆಗಕೂಡದು ಎಂಬುದನ್ನು ಸಂಬಂಧಪಟ್ಟ ಎಲ್ಲರ ಅವಗಾಹನೆಗಾಗಿ ಕೆಳಗೆ ಕಂಡಿಕೆವಾರು ವಿವರಿಸಲಾಗಿದೆ. ಆಡಿದ ಮಾತುಗಳನ್ನು ಆಡಿದ ಹಾಗೆಯೇ ದಾಖಲಿಸಿದ್ದು, ಅವುಗಳನ್ನು ತಿದ್ದುವ ಅಧಿಕಾರ ಯಾರಿಗಿದೆಯೆಂಬುದು ಇತ್ಯರ್ಥವಾಗಬೇಕಿದೆ.

1. ತನಿಖೆಗೆ ಬರುವ ಅಧಿಕಾರಿಗಳಿಗೆ ಬಗ್ಗಿ ಗಂಟು ಬಿಚ್ಚುವ ಶ್ರಮ ತಪ್ಪಲೆಂದು ಉಗ್ರಾಣದ ಎಲ್ಲ ಚೀಲಗಳ ಬಾಯಿಯನ್ನು ಸದಾ ತೆರೆದಿಡತಕ್ಕದ್ದೆಂದು ಇಲಾಖೆ ಹಿಂದೆಯೇ ಆದೇಶಿಸಿತ್ತು. ಉಗ್ರಾಣಪಾಲಕಿಯವರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಬೇಸಿಗೆ ಕಳೆದ ಮೇಲೆ ಲೆಕ್ಕಪರಿಶೋಧಕರು ತಕ್ಕಡಿಯೊಂದಿಗೆ ಬಂದರು. ಬಟ್ಟೆ ಒಗೆಯುವ ಸೋಡಾದ ಚೀಲದಲ್ಲಿ ಕಲ್ಲುಸಕ್ಕರೆಯಂತೆ ಮಿನುಗುತ್ತಿದ್ದ ಹರಳುಗಳ ಬದಲು ಬಿಳಿ ಹುಡಿಯಿತ್ತು. ತೂಕ ಅರ್ಧಕ್ಕೂ ಕಡಿಮೆಯಾಗಿತ್ತು. ಪಕ್ಕದ ಸುಟ್ಟ ಸುಣ್ಣದ ಚೀಲ ಮಾತ್ರ ಬಾಣಂತನ ಮುಗಿಸಿ ತವರಿನಿಂದ ಬಂದ ಸೊಸೆಯ ಹಾಗೆ ಮೈತುಂಬಿಕೊಂಡಿತ್ತು.

"ಸೋಡಾ ಕಡಿಮೆ ಇದೆ, ಸುಣ್ಣ ಜಾಸ್ತಿ ಇದೆ" ಎಂದರು ಲೆಕ್ಕಪರಿಶೋಧಕರು. "ಅಂದ್ರೆ ಸೋಡಾ ತೆಗೆದು ಸುಣ್ಣ ತುಂಬಿದ್ದೀರಿ."

"ಸುಣ್ಣ ಸುಣ್ಣದ ಚೀಲದಲ್ಲೇ ಇದೆಯಲ್ಲ ಸರ್" ಎಂದರು ಉಗ್ರಾಣಪಾಲಕಿ.

"ಅದೇ ನಿಮ್ಮ ಜಾಣತನ. ಉಪ್ಪು ತಿಂದವರು ನೀರು ಕುಡೀಲೇಬೇಕಮ್ಮ."

ಅದರಂತೆ ಸೋಡಾದ ಕೊರತೆಗೆ ಕಳ್ಳತನದ ಆರೋಪವನ್ನೂ, ಸುಣ್ಣದ ಹೆಚ್ಚಳಕ್ಕೆ ಕಳ್ಳತನವನ್ನು ಮುಚ್ಚಿಹಾಕಿದ ಆರೋಪವನ್ನೂ ಹೊರಿಸಿ ಅವರನ್ನು ಅಮಾನತಿನಲ್ಲಿಡಲಾಯಿತು. ಇನ್ನು ಮುಂದೆ ಯಾವುದೇ ವಸ್ತು ಉಗ್ರಾಣಕ್ಕೆ ಸೇರಿದ ದಿನ ಎಷ್ಟು ತೂಗಿತ್ತೋ ಸೇವೆಯುದ್ದಕ್ಕೂ ಅಷ್ಟೇ ತೂಗತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

2. ಉಗ್ರಾಣಪಾಲಕಿಯವರ ಮನೆಯ ಸಂಗತಿ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಆದಾಗ್ಯೂ ಅವರು ಲಿಖಿತ ಹೇಳಿಕೆಯಲ್ಲಿ ಸೇರಿಸಿರುವುದರಿಂದ ದಾಖಲಿಸಲಾಗಿದೆ. ಅಮಾನತಿನ ಸುದ್ದಿ ಅವರಿಗಿಂತ ಮುಂಚೆ ಬೀದಿ ತಲುಪಿತ್ತು. ಮರುದಿನ ಅವರು ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಾಗ ಪಕ್ಕದ ಮನೆಯಾಕೆ, "ಏನ್ರೀ, ಇಷ್ಟು ಬೆಳ್ಳಗೆ. ಸರ್ಕಾರಿ ಸೋಡಾನಾ?" ಎಂದು ನಗುತ್ತಲೇ ಕೇಳಿದರು. ಉಗ್ರಾಣಪಾಲಕಿಯವರು ಒದ್ದೆ ಬಟ್ಟೆಯನ್ನೆಲ್ಲ ಬಕೆಟ್ಟಿಗೆ ತುಂಬಿಕೊಂಡು ಇಳಿದು ಬಂದರು. ಆಮೇಲೆ ಅವರ ಮನೆಯ ಬಟ್ಟೆ ಒಳಗೇ ಒಣಗಿತು. ಕೋಣೆಗಳಿಗೆಲ್ಲ ಮುಗ್ಗಲು ವಾಸನೆ ಹಿಡಿಯಿತು.

ಅತ್ತೆ ಮಾತ್ರ ಸೊಸೆಯ ಪರ ನಿಂತರು, ತಮ್ಮದೇ ರೀತಿಯಲ್ಲಿ. "ನಮ್ಮ ಹುಡುಗಿ ಕದಿಯೋಳೇ ಆಗಿದ್ರೆ ಸೋಡಾ ಯಾಕೆ ಕದೀತಿದ್ಲು? ಅಲ್ಲಿ ಬೆಳ್ಳಿ ಬಟ್ಟಲೂ ಇದೆಯಂತೆ" ಎಂದು ಕೇಳಿದವರಿಗೆಲ್ಲ ಹೇಳಿದರು. ಪರಿಣಾಮವಾಗಿ ಬೆಳ್ಳಿ ಬಟ್ಟಲನ್ನೂ ತೂಗಲಾಯಿತು. ಸರಿಯಾಗಿತ್ತು. ಸೂಚನೆ: ಸಿಬ್ಬಂದಿಯ ಬಟ್ಟೆಯ ಬಿಳುಪನ್ನು ಸಾಕ್ಷ್ಯವೆಂದು ಪರಿಗಣಿಸಬೇಕಾದಲ್ಲಿ ಬಟ್ಟೆ ಕೊಳೆಯಾದ ನಂತರವೇ ಅಳೆಯತಕ್ಕದ್ದು.

3. ಕೈಕಟ್ಟಿ ಕೂರಲಾಗದ ಉಗ್ರಾಣಪಾಲಕಿಯವರು ಉಗ್ರಾಣದ ಎದುರಿನ ಶಾಲೆಯ ರಸಾಯನಶಾಸ್ತ್ರದ ಮೇಷ್ಟ್ರ ತರಗತಿಗೆ ಹೋಗಿ, ಅವರ ಒಪ್ಪಿಗೆ ಪಡೆದು, ಹಿಂದಿನ ಬೆಂಚಿನಲ್ಲಿ ಮಕ್ಕಳ ಸಾಲಿಗೆ ಕೂತರು. ಮಂಡಿ ಬೆಂಚಿಗೆ ತಾಗುತ್ತಿತ್ತು. ಮೊದಲ ದಿನ ಮಕ್ಕಳು ಪಾಠಕ್ಕಿಂತ ಹೆಚ್ಚಾಗಿ ಅವರನ್ನೇ ನೋಡಿದರು. ಆದರೂ ದಿನವೂ ಹೋದರು. ಪರಮಾಣುಗಳು ಸೇರಿ ಅಣುವಾಗುವುದನ್ನು, ಧಾತುಗಳು ಕೂಡಿ ಸಂಯುಕ್ತವಾಗುವುದನ್ನು, ಕ್ರಿಯೆಯಲ್ಲಿ ಪರಮಾಣುಗಳು ಜಾಗ ಬದಲಿಸುತ್ತವೆಯೇ ಹೊರತು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲವೆಂಬುದನ್ನು ಕೇಳಿಸಿಕೊಂಡರು. ಅರ್ಥವಾಗದ್ದನ್ನು ಪಕ್ಕದ ಹುಡುಗಿಯ ಹತ್ತಿರ ಮತ್ತೊಮ್ಮೆ ಹೇಳಿಸಿಕೊಂಡರು. ಹರಳಿನೊಳಗೆ ನೀರು ಕೂತಿರುತ್ತದೆ ಎಂಬ ಪಾಠ ಬಂದ ದಿನ ಎದ್ದು ನಿಂತರು.

"ಮೇಷ್ಟ್ರೇ, ಸೋಡಾದ ಹರಳನ್ನ ತೆರೆದಿಟ್ರೆ ಅದರ ನೀರು ಎಲ್ಲಿಗೆ ಹೋಗುತ್ತೆ?"

"ಗಾಳಿಗೆ ಹೋಗುತ್ತಮ್ಮ. ಹರಳು ಹುಡಿಯಾಗುತ್ತೆ, ತೂಕ ಇಳಿಯುತ್ತೆ."

"ಸುಟ್ಟ ಸುಣ್ಣ?"

"ಅದು ಗಾಳಿಯಿಂದ ನೀರನ್ನೂ ಇಂಗಾಲದ ಡೈಆಕ್ಸೈಡನ್ನೂ ಎಳ್ಕೊಳ್ಳುತ್ತೆ. ತೂಕ ಏರುತ್ತೆ."

"ಇದನ್ನ ಒಂದು ಕಾಗದದಲ್ಲಿ ಬರೆದು ಸಹಿ ಮಾಡಿಕೊಡ್ತೀರಾ?"

ಮೇಷ್ಟ್ರು ಸೀಮೆಸುಣ್ಣವನ್ನು ಕೈಯಿಂದ ಕೈಗೆ ಬದಲಿಸಿದರು. "ಪಾಠ ಹೇಳೋದು ಬೇರೆ, ಸಹಿ ಹಾಕೋದು ಬೇರೆ ಅಮ್ಮ. ನಾನೂ ಸಂಬಳಕ್ಕೆ ಇರೋನು."

ಉಗ್ರಾಣಪಾಲಕಿ ಕೂತರು. ಸತ್ಯವನ್ನು ತರಗತಿಗೆ ಸೀಮಿತಗೊಳಿಸಿದ ಮೇಷ್ಟ್ರ ವಿವೇಕವನ್ನು ಇಲಾಖೆ ಆ ಹಂತದಲ್ಲಿ ಪ್ರಶಂಸಿಸಿತ್ತು. ಸದರಿ ಪ್ರಶಂಸೆಯನ್ನು ಈಗ ಹಿಂಪಡೆಯಲಾಗಿದೆ.

4. ಉಗ್ರಾಣಪಾಲಕಿಯವರು ತರಗತಿಯಲ್ಲಿ ಕಲಿತದ್ದನ್ನೆಲ್ಲ ತಮ್ಮ ಉತ್ತರದಲ್ಲಿ ಲಗತ್ತಿಸಿದ್ದರಿಂದ ಇಲಾಖೆಯೂ ಅನಿವಾರ್ಯವಾಗಿ ರಸಾಯನಶಾಸ್ತ್ರ ಓದಬೇಕಾಯಿತು. ಓದಿದಾಗ ಗಂಭೀರ ಲೋಪಗಳು ಕಂಡುಬಂದಿದ್ದು, ಈ ಕೆಳಗಿನಂತೆ ಆದೇಶಿಸಲಾಗಿದೆ:

(ಅ) ಪರಮಾಣುಗಳು ಕಣ್ಣಿಗೆ ಕಾಣದಿರುವುದರಿಂದ ಅವುಗಳ ಹಾಜರಿಯನ್ನು ಖಚಿತಪಡಿಸಿಕೊಳ್ಳಲಾಗಿಲ್ಲ. ಖಚಿತವಾಗುವವರೆಗೆ ಅವನ್ನು ಗೈರುಹಾಜರೆಂದೇ ಭಾವಿಸತಕ್ಕದ್ದು.

(ಆ) ಸೋಡಿಯಂ ತನ್ನಲ್ಲಿರುವ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟುಬಿಡುತ್ತದೆಂದೂ, ಅದರಿಂದಲೇ ಅಡುಗೆ ಉಪ್ಪು ಆಗುವುದೆಂದೂ ತಿಳಿದುಬಂದಿದೆ. ಇದು ಉಡುಗೊರೆ ಸ್ವೀಕಾರ ನಿಯಮದ ಉಲ್ಲಂಘನೆ. ಕ್ಲೋರಿನ್ ಏಳು ದಿನದೊಳಗೆ ವಿವರಣೆ ನೀಡತಕ್ಕದ್ದು. ಅಲ್ಲಿಯವರೆಗೆ ಉಪ್ಪನ್ನು ತಾತ್ಕಾಲಿಕ ನೆಲೆಯಲ್ಲಿ ಬಳಸಬಹುದು.

(ಇ) ಕಡತಗಳ ನಡುವೆ ಇಟ್ಟ ನುಸಿಗುಳಿಗೆಗಳು ಘನ ದರ್ಜೆಯಿಂದ ನೇರವಾಗಿ ಅನಿಲ ದರ್ಜೆಗೆ ಏರುತ್ತಿವೆ. ದ್ರವ ದರ್ಜೆಯಲ್ಲಿ ಕನಿಷ್ಠ ಸೇವೆ ಸಲ್ಲಿಸದವರಿಗೆ ಇಂಥ ಬಡ್ತಿ ಸಲ್ಲದು. ಜ್ಯೇಷ್ಠತಾ ಪಟ್ಟಿಯಲ್ಲಿ ಹಿಂದಿರುವ ಮೇಣದಬತ್ತಿಗಳು ಮನನೊಂದಿವೆ.

(ಈ) ಯಾರೊಂದಿಗೂ ಸೇರದೆ, ಯಾವ ಕ್ರಿಯೆಗೂ ಸುಲಭವಾಗಿ ಕೈಹಾಕದೆ, ಇದ್ದಲ್ಲೇ ಇದ್ದು ಕಾಲ ಕಳೆಯುವ ಜಡಾನಿಲಗಳ ನಡತೆಯನ್ನು ಇಲಾಖೆ ಮುಕ್ತಕಂಠದಿಂದ ಶ್ಲಾಘಿಸುತ್ತದೆ. ಶಾಖಾ ಮುಖ್ಯಸ್ಥರ ಆಯ್ಕೆಯಲ್ಲಿ ಇದನ್ನೇ ಮಾನದಂಡವಾಗಿ ಮುಂದುವರಿಸಲಾಗುವುದು.

5. ವಿಚಾರಣೆಯ ಮೊದಲ ದಿನ ಸೋಡಾ, ಸುಣ್ಣ ಎರಡರಿಂದಲೂ ಮಾದರಿ ತೆಗೆದು, ಜೊತೆಗೆ ಹೋಲಿಕೆಗಾಗಿ ಹೊಸದಾಗಿ ತರಿಸಿದ ಸೋಡಾ ಹರಳು ಮತ್ತು ಸುಟ್ಟ ಸುಣ್ಣದ ಗಟ್ಟಿಗಳನ್ನೂ ತೂಗಿ, ಬಟ್ಟೆ ಚೀಲಗಳಲ್ಲಿ ಹೊಲಿದು, ಅರಗಿನ ಮುದ್ರೆ ಒತ್ತಿ, ವಿಚಾರಣಾಧಿಕಾರಿಗಳ ಸ್ವಂತ ಬೀರುವಿನಲ್ಲಿಟ್ಟು ಬೀಗ ಹಾಕಲಾಯಿತು. ಬೀಗದ ಕೈ ಅವರ ಜೇಬಿನಲ್ಲೇ ಇತ್ತು.

"ನೀರು ಹೋಯ್ತು ಅಂತೀರಿ. ಚೀಲದ ಕೆಳಗೆ ನೆಲ ಒದ್ದೆ ಇತ್ತಾ?" ಎಂದು ಅವರು ವಿಚಾರಿಸಿದರು.

"ಇಲ್ಲ ಸರ್. ಗಾಳಿಗೆ ಹೋಯ್ತು."

"ಗೇಟ್ ಪಾಸ್ ಇತ್ತಾ?"

"ನೀರಿಗಾ ಸರ್?"

"ಇಲ್ಲಿ ಪ್ರಶ್ನೆ ಕೇಳೋನು ನಾನು."

ಉಗ್ರಾಣಪಾಲಕಿಯವರು ಮನೆಗೆ ಹೋಗಿ ಅತ್ತೆಯ ಮುಂದೆ, "ಇನ್ನು ಆಗಲ್ಲ ಅತ್ತೆ, ರಾಜೀನಾಮೆ ಕೊಟ್ಟುಬಿಡ್ತೀನಿ" ಎಂದರಂತೆ. ಅತ್ತೆ, "ಕೊಡು. ಆದ್ರೆ ಕಳ್ಳಿ ಅನ್ನೋ ಹೆಸರು ಕಳ್ಕೊಂಡು ಆಮೇಲೆ ಕೊಡು" ಎಂದರಂತೆ. ಇದು ಇಲಾಖೆಗೆ ಕೇಳಿಬಂದ ಮಾತು, ದೃಢಪಟ್ಟಿಲ್ಲ.

6. ಕೆಲವು ವಾರಗಳ ನಂತರ ಎರಡನೇ ವಿಚಾರಣೆ ನಡೆಯುತ್ತಿದ್ದಾಗ ಬೀರುವಿನ ಮೇಲಿಟ್ಟಿದ್ದ ನೀರಿನ ಹೂಜಿ ಸೋರಿ, ನೀರು ಸಂದಿಯಿಂದ ಒಳಗಿಳಿಯಿತು. ಮೊದಲು ಚುಂಯ್ ಎಂಬ ಸದ್ದು ಬಂತು, ಆಮೇಲೆ ಹಬೆ ಬಂತು. ಬೀರುವಿನ ಬಾಗಿಲು ಮುಟ್ಟಿದವರ ಕೈ ಚುರ್ ಎಂದಿತು. ವಿಚಾರಣಾಧಿಕಾರಿಗಳು ಎಲ್ಲರಿಗಿಂತ ಮೊದಲು ಹೊರಗೆ ಬಂದು, ಉಳಿದವರು ಬರುವುದನ್ನು ಜವಾಬ್ದಾರಿಯಿಂದ ವೀಕ್ಷಿಸಿದರು. ಸದ್ದಡಗಿದ ಮೇಲೆ ಬೀರು ತೆರೆದರೆ ಹೊಸ ಸುಣ್ಣ ಅರಳಿ, ಚೀಲದ ಹೊಲಿಗೆ ಬಿರಿದು, ಮೇಲಿನ ಹಲಗೆಯ ಕಡತಗಳಿಗೆಲ್ಲ ಬಿಳಿ ಬಳಿದಿತ್ತು. ಅದರಿಂದ ದೂರ, ನೀರು ತಲುಪದ ಮೂಲೆಯಲ್ಲಿ ಒಣಗಿಯೇ ಉಳಿದಿದ್ದ ಹೊಸ ಸೋಡಾದ ಚೀಲವನ್ನು ಲೆಕ್ಕಪರಿಶೋಧಕರು ಅಭ್ಯಾಸಬಲದಿಂದ ತಕ್ಕಡಿಗೆ ಹಾಕಿದರು. ಅರಗಿನ ಮುದ್ರೆ ಮಾಸಿರಲಿಲ್ಲ. ತೂಕ ಇಳಿದಿತ್ತು. ಬಿಚ್ಚಿ ನೋಡಿದರೆ ಹರಳೆಲ್ಲ ಬಿಳಿ ಹುಡಿ.

"ಸರ್, ನಿಮ್ಮ ಬೀರುವಿನಲ್ಲೂ ಸೋಡಾ ಕಡಿಮೆ ಆಗಿದೆ" ಎಂದರು ಲೆಕ್ಕಪರಿಶೋಧಕರು, ದನಿ ತಗ್ಗಿಸಿ.

ಕುಂಬಳಕಾಯಿ ಕಳ್ಳ ಯಾರೆಂದು ಯಾರೂ ಕೇಳಿರಲಿಲ್ಲ. ಆದರೂ ವಿಚಾರಣಾಧಿಕಾರಿಗಳು ಹೆಗಲ ಮೇಲಿನ ಬಿಳಿ ಧೂಳು ಕೊಡವಿಕೊಂಡರು. "ನಾನು ಮುಟ್ಟಿಲ್ಲ" ಎಂದರು.

"ನಾನೂ ಅದನ್ನೇ ಹೇಳಿದ್ದು ಸರ್" ಎಂದರು ಉಗ್ರಾಣಪಾಲಕಿ.

7. ಮೇಲ್ಕಂಡ ಬೆಳವಣಿಗೆಯ ಹಿನ್ನೆಲೆಯಲ್ಲಿ ಇಲಾಖೆಯು ರಸಾಯನಶಾಸ್ತ್ರಕ್ಕೆ ಭಾಗಶಃ ಮಾನ್ಯತೆ ನೀಡಿದೆ. ಅಧಿಕಾರಿಗಳ ವಶದಲ್ಲಿರುವಾಗ ವಸ್ತುವಿನ ತೂಕ ಬದಲಾದರೆ ಅದನ್ನು 'ನೈಸರ್ಗಿಕ ಬದಲಾವಣೆ' ಎಂದೂ, ಇತರ ಸಿಬ್ಬಂದಿಯ ವಶದಲ್ಲಿರುವಾಗ ಬದಲಾದರೆ 'ದುರ್ನಡತೆ' ಎಂದೂ ನಮೂದಿಸತಕ್ಕದ್ದು. ಇದು ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ಟೀಕೆ ಬಂದಿದೆ. ಬೆಣ್ಣೆ ಈ ಇಲಾಖೆಯ ಸರಬರಾಜು ಪಟ್ಟಿಯಲ್ಲಿ ಇಲ್ಲದ್ದರಿಂದ ಟೀಕೆಯನ್ನು ತಿರಸ್ಕರಿಸಲಾಗಿದೆ.

8. ತದನಂತರ ಉಗ್ರಾಣಪಾಲಕಿಯವರಿಗೆ 'ಎಚ್ಚರಿಕೆ ನೀಡಿ ಕ್ಷಮಿಸಲಾಗಿದೆ' ಎಂಬ ಪತ್ರ ನೀಡಲಾಯಿತು. ಅವರು ಅದನ್ನು ನಿಂತಲ್ಲೇ ಓದಿ ಮೇಜಿನ ಮೇಲೆ ಮರಳಿ ಇಟ್ಟರು. "ತಪ್ಪು ಮಾಡಿದ್ರೆ ಶಿಕ್ಷೆ ಕೊಡಿ. ಮಾಡಿಲ್ಲ ಅಂದ್ರೆ ಮಾಡಿಲ್ಲ ಅಂತ ಬರೀರಿ. ಕ್ಷಮೆ ಯಾತಕ್ಕೆ?" ಎಂದರು. ವಿಚಾರಣಾಧಿಕಾರಿಗಳು, "ಕೆಲಸ ವಾಪಸ್ ಸಿಗುತ್ತಲ್ಲಮ್ಮ, ಸಹಿ ಹಾಕಿ" ಎಂದು ಮೆತ್ತಗೆ ಹೇಳಿದರು. ಅವರು ಹಾಕಲಿಲ್ಲ. ಅವರ ಜಾಗಕ್ಕೆ ನೇಮಿಸಿದವರೆಲ್ಲ ಚೀಲಗಳನ್ನು ನೋಡಿದೊಡನೆ ಬೆನ್ನುನೋವಿನ ರಜೆ ಹಾಕಿದರು. ಶಾಲೆಗಳ ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂತು. ಉಗ್ರಾಣದ ಬಾಗಿಲು ತೆರೆಯುವವರಿಲ್ಲ.

ಅಷ್ಟರಲ್ಲಿ ಎದುರಿನ ಶಾಲೆಯಲ್ಲಿ ಪುನರಾವರ್ತನೆಯ ಪಾಠ ನಡೆಯುತ್ತಿದ್ದಾಗ, ಹಿಂದೆ ಉಗ್ರಾಣಪಾಲಕಿಯವರ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ, "ಸರ್, ಪರೀಕ್ಷೆಯಲ್ಲಿ ಸೋಡಾದ ನೀರು ಗಾಳಿಗೆ ಹೋಯ್ತು ಅಂತ ಬರೀಬೇಕಾ, ಉಗ್ರಾಣದಮ್ಮ ತಗೊಂಡ್ರು ಅಂತ ಬರೀಬೇಕಾ?" ಎಂದು ಕೇಳಿದಳು. ಕುಹಕವಲ್ಲ, ಅಂಕದ ಚಿಂತೆ. ಮೇಷ್ಟ್ರು ಪಾಠ ನಿಲ್ಲಿಸಿದರು. ಆ ಮಧ್ಯಾಹ್ನವೇ ಸೀಮೆಸುಣ್ಣದ ಕೈ ತೊಳೆಯದೆ ಈ ಕಚೇರಿಗೆ ಬಂದು, ತಾವು ತರಗತಿಯಲ್ಲಿ ಹೇಳಿದ್ದನ್ನು ಹಾಗೇ ಬರೆದು ಸಹಿ ಹಾಕಿದರು. ತಿದ್ದಿದ ಪತ್ರಕ್ಕಾಗಿ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಉಗ್ರಾಣಪಾಲಕಿಯವರ ಎದುರು ನಿಂತು, "ತಡವಾಯ್ತಮ್ಮ" ಎಂದರು. ಅವರು, "ಬಂದ್ರಲ್ಲ" ಎಂದು ಸರಿದು ಕೂತು ಜಾಗ ಮಾಡಿಕೊಟ್ಟರು.

9. ಸೋಡಾದಲ್ಲಿದ್ದ ನೀರು ಗಾಳಿಗೆ ಹೋಯಿತು. ಉಗ್ರಾಣಪಾಲಕಿ ಏನನ್ನೂ ತೆಗೆದಿಲ್ಲ.

10. ಕಂಡಿಕೆ 9ನ್ನು ಉಗ್ರಾಣಪಾಲಕಿಯವರ ಒತ್ತಾಯದ ಮೇರೆಗೆ, ಅವರೇ ಹೇಳಿ ಬರೆಸಿದ ಮಾತುಗಳಲ್ಲಿ ಸೇರಿಸಲಾಗಿದೆ. 'ಮೇಲ್ನೋಟಕ್ಕೆ ಕಂಡುಬಂದಂತೆ', 'ಎಂದು ಭಾವಿಸಬಹುದಾಗಿದೆ' ಮುಂತಾದ ಪದಗಳನ್ನು ಸೇರಿಸಲು ಇಲಾಖೆ ಮಾಡಿದ ಪ್ರಯತ್ನ ಫಲಿಸಲಿಲ್ಲ. ಇಷ್ಟು ಚಿಕ್ಕ ಕಂಡಿಕೆ ಇಲಾಖೆಯ ಇತಿಹಾಸದಲ್ಲಿ ಇದೇ ಮೊದಲಾಗಿದ್ದು, ಇದನ್ನು ಪೂರ್ವನಿದರ್ಶನವಾಗಿ ಪರಿಗಣಿಸತಕ್ಕದ್ದಲ್ಲ. ಅವರು ಕೆಲಸಕ್ಕೆ ಹಾಜರಾಗಿದ್ದಾರೆ. ಹಾಜರಾದ ದಿನವೇ ಆದೇಶಕ್ಕೆ ಕಾಯದೆ ಎಲ್ಲ ಚೀಲಗಳ ಬಾಯಿ ಕಟ್ಟಿರುತ್ತಾರೆ. ಈ ಬಗ್ಗೆ ಪ್ರತ್ಯೇಕ ನೋಟಿಸ್ ಸಿದ್ಧವಾಗುತ್ತಿದೆ.

11. ಗಾಳಿಯು ಕಚೇರಿ ವೇಳೆಯಲ್ಲಿ ಮಾತ್ರ ಉಗ್ರಾಣ ಪ್ರವೇಶಿಸತಕ್ಕದ್ದು.

ಸಹಿ/-
(ಅಸ್ಪಷ್ಟ)
ವಿಚಾರಣಾಧಿಕಾರಿ ಹಾಗೂ ಪ್ರಭಾರ ಮುಖ್ಯಸ್ಥರು
(ಮುಖ್ಯಸ್ಥರ ಹುದ್ದೆಗೆ ಜಡಾನಿಲದ ಹುಡುಕಾಟ ನಡೆದಿದೆ)

ಪ್ರತಿಗಳು:

(1) ಲೆಕ್ಕಪರಿಶೋಧಕರಿಗೆ, ತಕ್ಕಡಿ ಸಹಿತ.

(2) ಆಮ್ಲಜನಕ, ಜಲಜನಕ ಹಾಗೂ ಇಂಗಾಲಕ್ಕೆ, ಅಗತ್ಯ ಶಿಸ್ತಿನ ಕ್ರಮಕ್ಕಾಗಿ. ವಿಳಾಸ ಸಿಕ್ಕೊಡನೆ ರವಾನಿಸುವುದು.

(3) ರಸಾಯನಶಾಸ್ತ್ರದ ಮೇಷ್ಟ್ರಿಗೆ, ಲಿಖಿತ ಹೇಳಿಕೆಯನ್ನು ಹಿಂಪಡೆಯುವಂತೆ ಮೂರನೇ ಸಲ ಕೋರಿ.

(4) ಸೂಚನಾ ಫಲಕಕ್ಕೆ. ಫಲಕದ ಪ್ರತಿಯಲ್ಲಿ ಕಂಡಿಕೆ 9 ಇರುವ ಜಾಗವನ್ನು ಯಾರೋ ಕತ್ತರಿಸಿ ಒಯ್ದಿರುವುದು ಕಂಡುಬಂದಿದೆ. ಉಗ್ರಾಣಪಾಲಕಿಯವರ ಅತ್ತೆಯವರನ್ನು ವಿಚಾರಿಸಲಾಗಿ, "ಪಕ್ಕದ ಮನೆಯವಳಿಗೆ ಓದಿ ಹೇಳ್ಬೇಕಿತ್ತು" ಎಂದು ಒಪ್ಪಿಕೊಂಡಿರುತ್ತಾರೆ. ಮರಳಿಸುವಂತೆ ಕೋರಿದ್ದಕ್ಕೆ, ಇಡೀ ಬೀದಿ ಓದಿ ಮುಗಿದಿಲ್ಲವೆಂದು ತಿಳಿಸಿರುತ್ತಾರೆ.